ಕೈಗೆ ಸಿಗುವ ಹಲಗೆಯಲ್ಲಿ ಏನಿರಬೇಕು

ಮೂವತ್ತೊಂದು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಮೊದಲು ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್, ಕೊನೆಯ ಹತ್ತು ವರ್ಷ ಸೇಡಂ ರೂಟು. ಬಸ್ ನಿಂತಲ್ಲೆಲ್ಲ ಚಹಾ. ಚಹಾದ ಜೊತೆ ಮಿರ್ಚಿ ಭಜಿ, ಇಲ್ಲಾಂದ್ರೆ ಖಾರಿ, ಬೇಕರಿಯ ಗರಿಗರಿ ಪದರಿನದ್ದು. ರಿಟೈರ್ ಆದ ವರ್ಷವೇ ಶುಗರ್ ಬಂತು. ಬಂತು ಅನ್ನೋದು ತಪ್ಪು, ಎಷ್ಟೋ ವರ್ಷದಿಂದ ಮೈಯಲ್ಲಿ ಇದ್ದದ್ದು ಆಗ ಕಾಗದದ ಮೇಲೆ ಕಂಡಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆಯಲ್ಲಿ 8.6.

ಡಾಕ್ಟರು ಗುಳಿಗೆ ಬರೆದರು, ತಿನ್ನೋದು ಬದಲಾಯಿಸಿ ಅಂದರು. ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ದೊಡ್ಡ ಅಂಗಡಿಗೆ ಹೋಗಿ ಓಟ್ಸ್, ಕಿನ್ವಾ, ಚಿಯಾ ಬೀಜ, ಶುಗರ್ ಫ್ರೀ ಬಿಸ್ಕಿಟ್ ಎಲ್ಲ ತುಂಬಿಕೊಂಡು ಬಂದೆ. ಓಟ್ಸ್ ಒಂದು ವಾರ ನಡೆಯಿತು. ಕಿನ್ವಾದಲ್ಲಿ ನಮ್ಮ ಮನೆಯವಳು ಉಪ್ಪಿಟ್ಟು ಮಾಡಿದಳು. ಮೊಮ್ಮಗ ತಟ್ಟೆ ನೋಡಿ, "ಮುತ್ಯಾ, ಇದು ಹಕ್ಕಿಗಿ ಹಾಕೋದಲ್ಲಾ?" ಅಂದ. ಅವಳು ಅದನ್ನೇ ಹಿಡಿದುಕೊಂಡಳು. "ಅಲ್ರೀ, ಮನ್ಯಾಗ ಎರಡು ಚೀಲ ಜ್ವಾಳ ಇಟ್ಕೊಂಡು ಹಕ್ಕಿ ಕಾಳು ತಂದೀರಲ್ಲ!" ಮೇ ತಿಂಗಳಲ್ಲಿ ಓಟ್ಸ್ ಪ್ಯಾಕೆಟ್ ಬಿಚ್ಚಿದರೆ ಒಳಗೆ ಹುಳ ಓಡಾಡುತ್ತಿದ್ದವು.

ಆಮೇಲೆ ಒಂದು ಕೆಲಸ ಮಾಡಿದೆ. ನೀವೂ ಇದರಿಂದಲೇ ಶುರು ಮಾಡಿ, ದುಡ್ಡು ಬೇಕಿಲ್ಲ. ಒಂದು ವಾರ ಅಡಿಗೆಮನೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಯಾರು ಯಾವ ಡಬ್ಬಿ ತೆಗೆಯುತ್ತಾರೆ ಅಂತ ಬರೆದಿಟ್ಟೆ. ಹಳೇ ಚಟ, ಎಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಇಳಿದರು ಅಂತ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಸೊಸೆಗೆ ನಗು. ವಾರದ ಲೆಕ್ಕ ಹೀಗಿತ್ತು: ಖಾರಿ ಡಬ್ಬಿ 11 ಸಲ, ಅದರಲ್ಲಿ 8 ಸಲ ನಾನೇ. ಫರಸಾಣ, ಅಂದರೆ ಕರಿದ ಸೇವು-ಮಿಕ್ಸ್ಚರ್, 9. ಬಿಸ್ಕಿಟ್ 14. ಶೇಂಗಾ ಒಂದು ಸಲ. ಪುಟಾಣಿ, ಅಂದರೆ ಹುರಿಗಡಲೆ, ಸೊನ್ನೆ.

ಯಾಕೆ ಅಂದರೆ, ನಮ್ಮ ಅಡಿಗೆಮನೆಯಲ್ಲಿ ಶಾಬಾದ್ ಕಲ್ಲಿನ ಮೂರು ಹಲಗೆ ಇವೆ. ನಡುವಿನದ್ದು ಸರಿಯಾಗಿ ಎದೆಯ ಎತ್ತರಕ್ಕೆ. ಅದರ ಮೇಲೆ ಸಾಲಾಗಿ ಖಾರಿ, ಟೋಸ್ಟ್, ಫರಸಾಣ, ಬಿಸ್ಕಿಟ್, ಸಕ್ಕರೆ. ಶೇಂಗಾ, ಪುಟಾಣಿ, ಅಗಸಿ ಎಲ್ಲ ಮೇಲಿನ ಹಲಗೆಯಲ್ಲಿ, ಸ್ಟೂಲ್ ಹಾಕಿ ಹತ್ತಬೇಕು. ಸಂಜೆ ಐದಕ್ಕೆ ಹಸಿದ ಮನುಷ್ಯ ಸ್ಟೂಲ್ ಹುಡುಕುತ್ತಾನಾ? ಕೈ ಎಲ್ಲಿ ಸಲೀಸಾಗಿ ಹೋಗುತ್ತದೋ ಅಲ್ಲಿಗೆ ಹೋಗುತ್ತದೆ. ನಾನು ತಿನ್ನೋದನ್ನು ಆರಿಸುತ್ತಿದ್ದದ್ದು ನನ್ನ ನಾಲಿಗೆ ಅಂದುಕೊಂಡಿದ್ದೆ. ಅರ್ಧ ಆರಿಸುತ್ತಿದ್ದದ್ದು ಆ ಹಲಗೆ.

ಹಾಗಾಗಿ ಮೊದಲು ಅದಲು ಬದಲು. ಹುರಿದ ಶೇಂಗಾ, ಪುಟಾಣಿ, ಚುರುಮುರಿ, ಕಡಕ್ ರೊಟ್ಟಿ ನಡುವಿನ ಹಲಗೆಗೆ ಬಂದವು, ಒಳಗೆ ಏನಿದೆ ಅಂತ ಕಾಣೋ ಗಾಜಿನ ಬರಣಿಗಳಲ್ಲಿ. ಸಕ್ಕರೆ, ಬಿಸ್ಕಿಟ್ ಮೇಲಕ್ಕೆ, ಅದೂ ಸ್ಟೀಲ್ ಡಬ್ಬಿಯಲ್ಲಿ. ಖಾರಿ ತರೋದನ್ನೇ ಬಿಟ್ಟೆವು. ಮೊದಲ ಹತ್ತು ದಿನ ನನ್ನ ಕೈ ಖಾರಿ ಡಬ್ಬಿ ಇದ್ದ ಜಾಗಕ್ಕೇ ಹೋಗುತ್ತಿತ್ತು, ಶೇಂಗಾ ಬರಣಿ ಹಿಡಿದು ವಾಪಸ್ ಬರುತ್ತಿತ್ತು.

ಆಮೇಲೆ ಎಷ್ಟು ತರಬೇಕು ಅನ್ನೋ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಊಟದ ಸೂಚನೆಗಳ ಪುಸ್ತಕ ಹೊರಡಿಸಿದ್ದಾರೆ. ಅದರಲ್ಲಿ ದಿನಕ್ಕೆ ಒಬ್ಬರ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಶೇಂಗಾ-ಎಳ್ಳಿನಂಥ ಬೀಜ 35 ಗ್ರಾಂ, ಎಣ್ಣೆ-ತುಪ್ಪ ಸೇರಿ 27 ಗ್ರಾಂ ಅಂತ ಇದೆ. ಉಪ್ಪು 5 ಗ್ರಾಮಿನ ಒಳಗೆ. ಹೊಲದಲ್ಲಿ ದುಡಿಯುವವರಿಗೆ ಜಾಸ್ತಿ ಬೇಕು, ನನ್ನಂಥ ಕೂತವನಿಗೆ ಕಮ್ಮಿ ಸಾಕು, ಆದರೂ ಲೆಕ್ಕಕ್ಕೆ ಅದೊಂದು ಗೆರೆ. ನಮ್ಮ ಮನೆಯಲ್ಲಿ ದೊಡ್ಡವರು ನಾಲ್ಕು ಜನ. ನಾಲ್ಕು ಜನ, ಮೂವತ್ತು ದಿನ, ಅಂದರೆ 120 ಟಿಕೆಟ್. ಎಲ್ಲವನ್ನೂ 120ರಿಂದ ಗುಣಿಸಿದೆ. ಧಾನ್ಯ 30 ಕಿಲೋ. ಬೇಳೆಕಾಳು ಹತ್ತು ಕಿಲೋ. ಬೀಜ ನಾಲ್ಕು ಕಿಲೋ. ಎಣ್ಣೆ-ತುಪ್ಪ ಮೂರು ಕಿಲೋ ಮೇಲೆ ಸ್ವಲ್ಪ. ಉಪ್ಪು 600 ಗ್ರಾಂ.

ಈಗ ಕಳೆದ ತಿಂಗಳ ಕಿರಾಣಿ ಚೀಟಿ ತೆಗೆದು ಪಕ್ಕಕ್ಕಿಟ್ಟು ನೋಡಿ. ನಮ್ಮ ಚೀಟಿಯಲ್ಲಿ ಎಣ್ಣೆ ಏಳು ಲೀಟರ್! ಉಪ್ಪು ಎರಡು ಕಿಲೋ, ಅದರಲ್ಲಿ ಉಪ್ಪಿನಕಾಯಿಗೆ ಹೋದದ್ದೂ ಸೇರಿತ್ತು, ಇರಲಿ. ಬೇಳೆಕಾಳು ಎಲ್ಲ ಸೇರಿ ಐದು ಕಿಲೋ. ತೊಗರಿಯ ಕಣಜ ಅಂತ ಹೆಸರಾದ ಊರಿನಲ್ಲಿ ಇದ್ದುಕೊಂಡು ಬೇಳೆಯೇ ಅರ್ಧಕ್ಕರ್ಧ ಕಮ್ಮಿ. ಹೊಸ ಸಾಮಾನಿನ ಪಟ್ಟಿ ಬರೆಯೋಕೆ ಬೇರೆ ಯಾರ ಸಲಹೆಯೂ ಬೇಕಾಗಲಿಲ್ಲ.

ಧಾನ್ಯದ 30 ಕಿಲೋದಲ್ಲಿ 20 ಕಿಲೋ ಬಿಳಿಜೋಳ, ಉಳಿದದ್ದು ಅಕ್ಕಿ, ಗೋಧಿ, ಚಳಿಗಾಲದಲ್ಲಿ ಸಜ್ಜೆ. ಹಿಂಗಾರಿ ಜೋಳ ಫೆಬ್ರವರಿ, ಮಾರ್ಚಿನಲ್ಲಿ ಹೊಲದಿಂದ ಬರುತ್ತದೆ. ಆಗ ಗಂಜ್‌ಗೆ, ಅಂದರೆ ಕಾಳಿನ ಪೇಟೆಗೆ, ಹೋಗಿ ಮುಷ್ಟಿ ತುಂಬ ತೆಗೆದು ನೋಡಿ. ಕಾಳು ದುಂಡಗೆ, ಮುತ್ತಿನ ಬಣ್ಣ ಇರಬೇಕು. ಒಂದನ್ನು ಹಲ್ಲಿಗೆ ಹಾಕಿ ಕಡಿದರೆ ಕಟ್ ಅನ್ನಬೇಕು. ಮೆತ್ತಗೆ ಒತ್ತಿದಂತಾದರೆ ಇನ್ನೂ ಹಸಿ ಇದೆ, ಚೀಲದಲ್ಲೇ ಮುಗ್ಗುತ್ತದೆ.

ಒಂದು ಮಾತು, ಶುಗರ್ ಇದ್ದವರಿಗೆ. ಜೋಳ ತಿಂದರೆ ಸಕ್ಕರೆ ಏರೋದೇ ಇಲ್ಲ ಅಂತ ಹೇಳುವವರು ನಮ್ಮಲ್ಲಿ ಬಹಳ. ಸುಳ್ಳು. ಜೋಳದಲ್ಲೂ ಪಿಷ್ಟವೇ ಜಾಸ್ತಿ. ಪಾಲಿಶ್ ಅಕ್ಕಿಗೆ ಹೋಲಿಸಿದರೆ ನಾರು ಮೂರು ಪಟ್ಟು, ಹೊಟ್ಟೆ ಬೇಗ ತುಂಬುತ್ತದೆ, ಅದು ನಿಜ. ಆದರೆ ಐದು ರೊಟ್ಟಿ ತಿಂದು ಜೋಳ ಅಲ್ವಾ ಅಂದರೆ ಮೀಟರ್ ಕೇಳುವುದಿಲ್ಲ. ನಾನು ಎರಡಕ್ಕೆ ನಿಲ್ಲಿಸುತ್ತೇನೆ, ತಟ್ಟೆಯಲ್ಲಿ ಪಲ್ಯ ಅದಕ್ಕಿಂತ ದೊಡ್ಡ ಗುಡ್ಡೆ ಇರುತ್ತದೆ. ಬೆಲ್ಲದ ಕಥೆಯೂ ಅಷ್ಟೇ. ಸಕ್ಕರೆ ಬಿಟ್ಟು ಬೆಲ್ಲದ ಚಹಾ ಕುಡಿದು ಆರು ತಿಂಗಳು ನನಗೆ ನಾನೇ ಮೋಸ ಮಾಡಿಕೊಂಡೆ.

ಕಾಳು ವರ್ಷಕ್ಕೆ ಬೇಕಾದಷ್ಟು ತಂದಿಡಿ, ಹಿಟ್ಟು ವಾರಕ್ಕೆ ಬೇಕಾದಷ್ಟೇ. ಇದು ಜೋಳಕ್ಕೆ ಮಾತ್ರ ಅಲ್ಲ, ಉಗ್ರಾಣದ ಎಲ್ಲ ಸಾಮಾನಿಗೂ. ಇಡಿಯಾಗಿ ಇದ್ದದ್ದು ಬಾಳುತ್ತದೆ, ಒಡೆದದ್ದು ಕೆಡೋಕೆ ಶುರುವಾಗುತ್ತದೆ. ನಾನು ಶನಿವಾರ ಐದು ಕಿಲೋ ಜೋಳ ಗಿರಣಿಗೆ ಒಯ್ಯುತ್ತೇನೆ. ಬಿಸಿ ಹಿಟ್ಟನ್ನು ಮನೆಗೆ ತಂದ ಕೂಡಲೇ ಡಬ್ಬಿ ಮುಚ್ಚಬಾರದು. ಪರಾತದಲ್ಲಿ ಹರಡಿ, ಬೆರಳಿಗೆ ತಣ್ಣಗೆ ಅನಿಸಿದ ಮೇಲೆ ತುಂಬಬೇಕು. ಇಲ್ಲದಿದ್ದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತದೆ. ರೊಟ್ಟಿ ಹರಿದ ದಿನ ನಮ್ಮ ಮನೆಯವಳ ಮಾತೂ ಹರಿತ, ಹಾಗಾಗಿ ಶನಿವಾರ ತಪ್ಪಿಸೋದಿಲ್ಲ. ಸಜ್ಜೆ ಹಿಟ್ಟು ಇನ್ನೂ ಸೂಕ್ಷ್ಮ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ನಮ್ಮ ಬಿಸಿಲಿಗೆ ವಾರದೊಳಗೇ ಕಹಿಯಾಗುತ್ತದೆ. ಒಂದು ಕಿಲೋ ಬೀಸಿಸಿ, ನಾಲ್ಕೈದು ದಿನದಲ್ಲಿ ಮುಗಿಸಿ.

ಅಕ್ಕಿ, ಗೋಧಿ ಬಗ್ಗೆ ನಾನು ಹೇಳೋದು ಏನೂ ಇಲ್ಲ, ಎಲ್ಲರಿಗೂ ಗೊತ್ತಿರೋದೇ. ಮೈದಾ ಮಾತ್ರ ಮನೆಗೆ ತರಬೇಡಿ. ಹೋಳಿಗೆಗೆ ಬೇಕು ಅಂದಾಗ ಪಾವ್ ಕಿಲೋ ತಂದರೆ ಸಾಕು.

ಇನ್ನು ಬೇಳೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಮಾಲು ಅನ್ನೋ ಸರಕಾರಿ ಗುರುತು, ಸಿಕ್ಕಿದೆ. ನಮ್ಮ ಎರೆಮಣ್ಣಿನ ತೊಗರಿಯ ರುಚಿ ಬೇರೆ, ಹೊರ ಊರಿಗೆ ಹೋದಾಗ ಬ್ಯಾಳಿ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ತೊಗರಿ ಡಿಸೆಂಬರ್, ಜನವರಿಯಲ್ಲಿ ಕಟಾವು. ಹೊಸ ಬೇಳೆ ಆಮೇಲೆ ಪೇಟೆಗೆ ಬರುತ್ತದೆ, ವರ್ಷದ ಬೇಳೆ ತುಂಬಿಡುವವರು ಆಗಲೇ ತುಂಬಿಡಬೇಕು. ಅಂಗಡಿಯಲ್ಲಿ ಕನ್ನಡಿ ಹಾಗೆ ಹೊಳೆಯುವ ಬೇಳೆ ಮುಂದಿಡುತ್ತಾರೆ. ಆ ಹೊಳಪು ಪಾಲಿಶಿನದ್ದು. ಸ್ವಲ್ಪ ಮಂಕಾಗಿ, ಅಲ್ಲಲ್ಲಿ ಸಿಪ್ಪೆ ಚೂರು ಅಂಟಿರುವ ಬೇಳೆ ಕೇಳಿ ತೊಗೊಳ್ಳಿ.

ಆದರೆ ಹತ್ತು ಕಿಲೋ ಪೂರಾ ತೊಗರಿಯೇ ಆದರೆ ಮನೆಯವರು ಬೇಸತ್ತು ಹೊರಗೆ ತಿನ್ನೋಕೆ ಹೋಗುತ್ತಾರೆ. ನಮ್ಮಲ್ಲಿ ನಾಲ್ಕು ಕಿಲೋ ತೊಗರಿ ಬೇಳೆ, ಎರಡು ಕಿಲೋ ಹೆಸರು, ಒಂದೊಂದು ಕಿಲೋ ಮಡಿಕಿ, ಕಡಲೆ, ಅಲಸಂದಿ, ಒಂದು ಕಿಲೋ ಪುಟಾಣಿ. ಹೆಸರು, ಮಡಿಕಿ ಇಡಿ ಕಾಳೇ ತರುತ್ತೇವೆ, ಮೊಳಕೆ ಕಟ್ಟೋಕೆ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 40 ದಾಟುತ್ತದೆ, ಆಗ ರಾತ್ರಿ ನೆನೆಸಿ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿದರೆ ಸಂಜೆಗೇ ಮೊಳಕೆ. ನಡುವೆ ಒಂದು ಸಲ ನೀರಲ್ಲಿ ಜಾಡಿಸದಿದ್ದರೆ ಹಳಸಿದ ವಾಸನೆ ಬರುತ್ತದೆ, ನೆನಪಿರಲಿ. ಜೋಳದಲ್ಲಿ ಕಮ್ಮಿ ಇರುವ ಲೈಸಿನ್ ಅನ್ನೋ ಅಂಶ ಬೇಳೆಕಾಳಿನಲ್ಲಿ ಚೆನ್ನಾಗಿದೆ. ರೊಟ್ಟಿ ಒಂದೇ ತಿಂದರೆ ಪ್ರೋಟೀನ್ ಅರ್ಧಂಬರ್ಧ, ಬ್ಯಾಳಿ ಜೊತೆ ತಿಂದರೆ ಪೂರ್ತಿ.

ಬೀಜ ಅಂದರೆ ಬಾದಾಮಿ, ಪಿಸ್ತಾ ಅಂತ ಹೆದರಬೇಡಿ. ಶೇಂಗಾ, ಅಗಸಿ, ಗುರೆಳ್ಳು, ಎಳ್ಳು. ಇವಿಷ್ಟು ಸಾಕು, ಹಿಂಡಿ ಅಂದರೆ ಒಣ ಚಟ್ನಿಪುಡಿ ರೂಪದಲ್ಲಿ. ಹಿಂಡಿ ಒಂದು ಮನೆಯಲ್ಲಿದ್ದರೆ ಯಾವ ಹೊತ್ತಿಗೂ ಊಟ ಇದೆ ಅಂತ ಅರ್ಥ. ರಾತ್ರಿ ಒಂಬತ್ತಕ್ಕೆ ಮಗ ಡ್ಯೂಟಿ ಮುಗಿಸಿ ಬಂದಾಗ, ಕಡಕ್ ರೊಟ್ಟಿ, ಮೊಸರು, ಹಿಂಡಿ, ಹಸಿ ಉಳ್ಳಾಗಡ್ಡಿ. ಹೊರಗಿನಿಂದ ಏನೂ ತರಿಸುವ ಮಾತಿಲ್ಲ.

ಅಗಸಿ ಹಿಂಡಿ ನಾನೇ ಮಾಡುತ್ತೇನೆ, ಆ ಇಲಾಖೆ ನನಗೆ ಬಿಟ್ಟಿದ್ದಾರೆ. ಪಾವ್ ಕಿಲೋ ಅಗಸಿ ಆರಿಸಿ, ದಪ್ಪ ತಳದ ಬೋಗುಣಿಯಲ್ಲಿ ಸಣ್ಣ ಉರಿಗೆ ಹಾಕಿ. ಮೊದಲು ಏನೂ ಆಗೋದಿಲ್ಲ, ಅವಸರಪಟ್ಟು ಉರಿ ಜಾಸ್ತಿ ಮಾಡಬೇಡಿ. ಮೂರು ನಾಲ್ಕು ನಿಮಿಷಕ್ಕೆ ಒಂದೊಂದೇ ಚಟ್ ಅನ್ನುತ್ತದೆ, ಆಮೇಲೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಸದ್ದು ತಗ್ಗುತ್ತಾ ಬಂದಾಗ ಇಳಿಸಿ. ಅದೇ ಬೋಗುಣಿಗೆ ಎಂಟು ಒಣ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಹತ್ತು ಎಸಳು ಬಳ್ಳೊಳ್ಳಿ. ಎಣ್ಣೆ ಬೇಡ, ಬಳ್ಳೊಳ್ಳಿಯ ಹಸಿ ಆರುವವರೆಗೆ ಬಾಡಿಸಿ. ಎಲ್ಲ ತಣ್ಣಗಾದ ಮೇಲೆ ಒಂದು ಚಮಚ ಉಪ್ಪು, ಗೋಲಿಯಷ್ಟು ಹುಣಸೆ ಸೇರಿಸಿ ಕುಟ್ಟಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎರಡು ವಾರಕ್ಕೆ ಆಗುವಷ್ಟೇ ಮಾಡಿ. ನಾನು ಹುರುಪಿನಲ್ಲಿ ಮೊದಲ ಸಲ ಒಂದೂವರೆ ಕಿಲೋ ಮಾಡಿ ನೆಂಟರಿಗೆಲ್ಲ ಹಂಚಿದೆ. ತಿಂಗಳಾದ ಮೇಲೆ ಮನೆಯ ಡಬ್ಬಿ ತೆಗೆದರೆ ಹಳೇ ಬಣ್ಣದ ಡಬ್ಬಿಯ ವಾಸನೆ. ಅಗಸಿಯ ಒಮೆಗಾ ಕೊಬ್ಬು ಒಳ್ಳೇದು, ಆದರೆ ಪುಡಿ ಮಾಡಿದ ಮೇಲೆ ಗಾಳಿ ತಾಗಿ ಬೇಗ ಕೆಡುತ್ತದೆ. ನೆಂಟರು ಮರ್ಯಾದೆಗೆ ಏನೂ ಹೇಳಿರಲಿಲ್ಲ.

ಶೇಂಗಾ ತರುವಾಗ ಒಂದು ಮುಷ್ಟಿ ಅಂಗೈಯಲ್ಲಿ ಹರಡಿಕೊಂಡು ನೋಡಿ. ಸುಕ್ಕುಗಟ್ಟಿದ, ಕಪ್ಪಾದ, ಹಸಿರು ಬೂಸು ಹಿಡಿದ ಕಾಳು ಕಂಡರೆ ಆ ಚೀಲವೇ ಬೇಡ. ಆ ಬೂಸಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗಬಹುದು, ಅದು ಲಿವರ್ ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗೋದಿಲ್ಲ. ಒಬ್ಬ ಅಂಗಡಿಯವ ನನಗೆ ಮೇಲೆ ಒಳ್ಳೇದು ತೋರಿಸಿ ಕೆಳಗಿಂದ ಹಳೇ ಮಾಲು ತುಂಬಿದ್ದ. ಅಂದಿನಿಂದ ಚೀಲದ ತಳಕ್ಕೇ ಕೈ ಹಾಕುತ್ತೇನೆ.

ಎಣ್ಣೆ ಕಮ್ಮಿ ಮಾಡಬೇಕು ಅಂತ ಅಡಿಗೆ ಮಾಡುವವರಿಗೆ ಹೇಳಿದರೆ ಜಗಳ. ನಾವು ಮಾಡಿದ್ದು ಬೇರೆ. ತಿಂಗಳ ಮೊದಲ ದಿನ ಒಂದೂವರೆ ಲೀಟರ್ ಕುಸುಬಿ ಎಣ್ಣೆ, ಒಂದೂವರೆ ಲೀಟರ್ ಶೇಂಗಾ ಎಣ್ಣೆ, ಎರಡೂ ಗಾಣದ್ದು, ಪಾವ್ ಕಿಲೋ ತುಪ್ಪ ತಂದಿಟ್ಟೆವು. ಮುಗಿದರೆ ತಿಂಗಳು ಮುಗಿಯುವ ತನಕ ಇನ್ನೊಂದು ಬರೋದಿಲ್ಲ. ಮೊದಲ ತಿಂಗಳು 19ನೇ ತಾರೀಕಿಗೇ ಖಾಲಿ. ಪಕ್ಕದ ಮನೆಯ ವೈನಿ ಹತ್ತಿರ ಒಂದು ಬಟ್ಟಲು ಕಡ ತಂದಿದ್ದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಮೂರನೇ ತಿಂಗಳಿಗೆ 28ರ ತನಕ ಬಂತು. ಎಣ್ಣೆ ಕ್ಯಾನ್ ಒಲೆಯ ಪಕ್ಕ ಇಡಬೇಡಿ, ಬಿಸಿಗೂ ಬೆಳಕಿಗೂ ಕೆಡುತ್ತದೆ. ಮತ್ತೆ ಕೈ ಪಕ್ಕದಲ್ಲೇ ಇದ್ದರೆ ಸುರಿಯೋದೂ ಜಾಸ್ತಿ.

ಪ್ಯಾಕೆಟ್ ಸಾಮಾನು ತರಲೇಬೇಕಾದರೆ ಹಿಂಭಾಗ ಓದಿ. ಯಾವುದು ಹೆಚ್ಚು ಹಾಕಿದ್ದಾರೋ ಅದನ್ನು ಮೊದಲು ಬರೆದಿರುತ್ತಾರೆ. ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ಮೊದಲ ಹೆಸರು ರಿಫೈನ್ಡ್ ವೀಟ್ ಫ್ಲೋರ್. ಅದು ಮೈದಾ. ಸೋಡಿಯಂ 400 ಮಿಲಿಗ್ರಾಂ ಅಂದರೆ ಒಂದು ಗ್ರಾಂ ಉಪ್ಪು, ಆ ಲೆಕ್ಕದಲ್ಲಿ ಫರಸಾಣ ಪ್ಯಾಕೆಟ್ ನೋಡಿ.

ಮೊಮ್ಮಗನಿಗೆ ಬಿಸ್ಕಿಟ್ ಪೂರ್ತಿ ಬಿಡಿಸಿಲ್ಲ, ಸುಳ್ಳು ಯಾಕೆ ಹೇಳಲಿ. ಭಾನುವಾರ ಸ್ಟೂಲ್ ಹಾಕಿ ಎರಡು ಕೊಡುತ್ತೇವೆ. ಉಳಿದ ದಿನ ಜೋಳದ ಅಳ್ಳು. ನಾಗರ ಪಂಚಮಿಗೆ ಮಾತ್ರ ಹುರಿಯುತ್ತಿದ್ದದ್ದನ್ನು ಈಗ ಹದಿನೈದು ದಿನಕ್ಕೊಮ್ಮೆ ಹುರಿಯುತ್ತೇವೆ, ಒಂದು ಚಿಟಿಕೆ ಅರಿಶಿನ, ಉಪ್ಪು ಹಾಕಿ. ಪಾಪ್‌ಕಾರ್ನ್ ಅಂತ ಹೇಳಿ ಕೊಟ್ಟೆ, ಅವನಿಗೆ ಇಂದಿಗೂ ಅದು ಮುತ್ಯಾನ ಪಾಪ್‌ಕಾರ್ನ್.

ನನ್ನ ಶುಗರಿನ ಮೂರು ತಿಂಗಳ ಸರಾಸರಿ ಒಂಬತ್ತು ತಿಂಗಳಲ್ಲಿ 8.6ರಿಂದ 7.1ಕ್ಕೆ ಬಂತು. ಗುಳಿಗೆ ನುಂಗುತ್ತಲೇ ಇದ್ದೇನೆ, ಸಂಜೆ ಅಪ್ಪನ ಕೆರೆ ಸುತ್ತ ನಡೆಯುತ್ತೇನೆ. ಹಲಗೆ ಒಂದರಿಂದಲೇ ಆಯಿತು ಅನ್ನಲಾರೆ.

ಕೊನೆಗೆ ಹುಳದ ಮಾತು. ಇಷ್ಟು ಕಾಳು ತಂದಿಟ್ಟು ಹುಳಕ್ಕೆ ಊಟ ಹಾಕಿದರೆ ಏನು ಬಂತು? ಬೇಳೆಗೆ ಔಡಲೆಣ್ಣೆ ಸವರಿ, ಹತ್ತು ಕಿಲೋಗೆ ಎರಡು ಮೂರು ಚಮಚ ಸಾಕು, ಅಂಗೈಗೆ ಹಚ್ಚಿಕೊಂಡು ಬೇಳೆ ತಿಕ್ಕಬೇಕು. ಬೇಯಿಸುವ ಮುಂಚೆ ಎರಡು ನೀರಲ್ಲಿ ತೊಳೆದರೆ ಆಯಿತು. ಜೋಳದ ಡಬ್ಬಿಗೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಪದರು ಪದರಾಗಿ. ಹಸಿ ಎಲೆ ಹಾಕಿದರೆ ಅದರ ನೀರಿಗೇ ಕಾಳು ಮುಗ್ಗುತ್ತದೆ. ಡಬ್ಬಿ ನೆಲದ ಮೇಲೆ ನೇರ ಇಡಬೇಡಿ, ಕೆಳಗೆ ಎರಡು ಮರದ ಪಟ್ಟಿ ಇರಲಿ, ಗೋಡೆಗೂ ತಾಗದಿರಲಿ. ರವೆ, ಅವಲಕ್ಕಿ ಸ್ವಲ್ಪ ಸ್ವಲ್ಪ ತಂದು ಫ್ರಿಜ್‌ನಲ್ಲಿಡಿ.

ಗೋದಾಮಿನಲ್ಲಿ ಹಾಕುವ ವಿಷದ ಗುಳಿಗೆ ತಂದು ಮನೆಯ ಕಾಳಿನಲ್ಲಿ ಇಡುವವರಿದ್ದಾರೆ. ಕೈ ಮುಗಿದು ಹೇಳುತ್ತೇನೆ, ಬೇಡ. ಅದರಿಂದ ಬರುವ ಗಾಳಿ ಮಲಗಿದವರ ಜೀವ ತೆಗೆಯುತ್ತದೆ. ಸ್ವಲ್ಪ ಕಾಳು ಹುಳಕ್ಕೆ ಹೋದರೂ ಹೋಗಲಿ.

ಮೇ ಕೊನೆಯ ವಾರ, ಮೊದಲ ಮಳೆ ಬೀಳುವ ಮುಂಚೆ, ಎಲ್ಲ ಡಬ್ಬಿ ಮಾಳಿಗೆಗೆ ಹತ್ತಿಸಿ. ಹಾಸಿದ ಧೋತರದ ಮೇಲೆ ಕಾಳು ತೆಳ್ಳಗೆ ಹರಡಿ, ಎರಡು ದಿನ ಬಿಸಿಲಿಗೆ. ಡಬ್ಬಿಯ ಬಾಯಿಯನ್ನೂ ಸೂರ್ಯನ ಕಡೆ ತಿರುಗಿಸಿಡಿ. ಸಂಜೆ ಬಿಸಿ ಇದ್ದಾಗ ತುಂಬಬೇಡಿ. ರಾತ್ರಿ ಧೋತರದಲ್ಲೇ ಗಂಟು ಕಟ್ಟಿ ಒಳಗಿಟ್ಟು, ಬೆಳಿಗ್ಗೆ ಕಾಳು ತಣ್ಣಗಿದ್ದಾಗ ತುಂಬಿ, ಮುಚ್ಚಳದ ಮೇಲೆ ಚಾಕ್‌ಪೀಸಿನಿಂದ ತಾರೀಕು ಬರೆಯಿರಿ.